ಸಿಡಿಲಿನ ತಂತಿ

ಹೋದ ವಾರ ನವಲಗುಂದದ ಬ್ಯಾಂಕಿನಲ್ಲಿ ಬೆಳಗಿನ ಹತ್ತೂವರೆಯಿಂದ ಮಧ್ಯಾಹ್ನ ಎರಡರವರೆಗೆ ಕೂತಿದ್ದೆ. ಕೆಲಸ ದೊಡ್ಡದೇನಲ್ಲ. ನಾನು ಇನ್ನೂ ಬದುಕಿದ್ದೇನೆ, ಪಿಂಚಣಿ ನಿಲ್ಲಿಸಬೇಡಿ ಎಂದು ಒಂದು ಹೆಬ್ಬೆರಳು ಒತ್ತಿ ಬರಬೇಕಿತ್ತು. ಆದರೆ ನೆಟ್‌ವರ್ಕ್ ಇರಲಿಲ್ಲ. ಅದು ಬರುವತನಕ ನಾನು ಬದುಕಿರುವುದನ್ನು ಒಪ್ಪಲು ಬ್ಯಾಂಕು ತಯಾರಿರಲಿಲ್ಲ. ಮೂರು ಸಲ ಎದ್ದು ಹೋಗಿ ಜಗಳ ಮಾಡಿದೆ, ಮೂರು ಸಲವೂ "ಕುಂಡರ್ರಿ ಅಜ್ಜಾರ" ಎಂದು ಕೂರಿಸಿದರು.

ಹುಬ್ಬಳ್ಳಿಯಿಂದ ರಿಪೇರಿಯವನೊಬ್ಬ ಬಂದ. ತಂತಿ ಕಿತ್ತು ಹಚ್ಚಿದ, ಡಬ್ಬಿಯ ಹಸಿರು ದೀಪ ನೋಡಿದ, ಯಾರಿಗೋ ಫೋನ್ ಮಾಡಿದ. ಕೊನೆಗೆ ಮ್ಯಾನೇಜರಿಗೆ ಹೇಳಿದ: "ಲೈನ್ ಅಗದಿ ಚಲೋ ಐತ್ರಿ ಸಾಹೇಬ್ರ. ಹೊರಗಿನ ಕಳ್ಳರು ಒಳಗ ಬರಬಾರದಂತ ನಡುವ ಒಂದು ಫೈರ್‌ವಾಲ್ ಹಾಕ್ಯಾರ. ಅದನ್ನ ಯಾರೋ ಬಾಳ ಬಿಗಿ ಮಾಡ್ಯಾರ. ಈಗ ಅದು ನಮ್ಮನ್ನೂ ಬಿಡವಲ್ದು."

"ಯಾರ್ ಮಾಡ್ಯಾರ?" ಎಂದರು ಮ್ಯಾನೇಜರು.

"ಮಾಡಿದವರು ಈಗ ಎಲ್ಲಿ ಹೇಳ್ತಾರ್ರಿ?"

ನನ್ನ ಬಾಜು ಬೆಂಚಿನಲ್ಲಿ ಚನಬಸಪ್ಪ ಕೂತಿದ್ದರು. ಹಳ್ಳದಾಚೆಯ ಊರಿನವರು, ಒಂದು ಕಾಲಕ್ಕೆ ಅಲ್ಲಿಯ ಪೋಸ್ಟ್‌ಮಾಸ್ತರು. ಈಗ ಎಂಬತ್ತರ ಹತ್ತಿರ. ಖಾತೆಗೆ ಮೊಬೈಲ್ ನಂಬರು ಜೋಡಿಸಲು ಬಂದಿದ್ದರು. ರಿಪೇರಿಯವನ ಮಾತು ಕೇಳಿ ಅವರು ನಕ್ಕರು, ಆದರೆ ಆ ನಗೆಯಲ್ಲಿ ಸಿಟ್ಟು ಇತ್ತು.

"ನಮ್ಮವ್ವನ ಕತಿ ಆತಲ್ರೀ ಇದು, ಲೈನ್‌ಮನ್ ಸಾಹೇಬ್ರ," ಎಂದರು. "ಕಾಯ್ತೀನಿ ಅಂತ ಹೋಗಿ ತನ್ನ ಕಣ್ಣ ತಾನ ಕಳಕೊಂಡ್ಲು. ನೆನಪೈತಿಲ್ಲೋ ನಿಮಗ?"

ನೆನಪಿಲ್ಲದೆ ಏನು? ನಾನು ತಲೆ ತಗ್ಗಿಸಿ ಟೋಕನ್ ಚೀಟಿಯನ್ನು ಮಡಚತೊಡಗಿದೆ.

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ ಅದು. ನಾನು ನವಲಗುಂದದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಲೈನ್‌ಮನ್. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ, ಹಾಗಾಗಿ ಯಾರು ಬೈದರೂ ಬೈಸಿಕೊಳ್ಳುವ ಸ್ಥಿತಿ. ಸೈಕಲ್ಲಿನ ಹಿಂದೆ ಹಗ್ಗ, ಇಕ್ಕಳ, ತಂತಿಯ ಸುರುಳಿ, ಹೆಗಲಿಗೆ ಕಂಬ ಏರಿ ಪರೀಕ್ಷೆ ಮಾಡುವ ಫೋನು. ನನ್ನ ಪಾಲಿಗೆ ಬಂದ ಲೈನುಗಳಲ್ಲಿ ಹಳ್ಳದಾಚೆಯದು ಅತಿ ಉದ್ದದ್ದು. ನೂರಾ ಎಪ್ಪತ್ತೊಂದು ಕಂಬ. ಆ ಊರಿಗೆಲ್ಲ ಇದ್ದದ್ದು ಒಂದೇ ಫೋನು, ಅದೂ ಚನಬಸಪ್ಪನ ಮನೆಯ ಮುಂದಿನ ಕೋಣೆಯಲ್ಲಿ. ಆ ಕೋಣೆಯೇ ಪೋಸ್ಟ್ ಆಫೀಸು. ಗೋಡೆಗೆ ಒಂದು ಕಟ್ಟಿಗೆಯ ಪೆಟ್ಟಿಗೆ, ಕೈಯಿಂದ ತಿರುವುವ ಹಿಡಿಕೆಯ ಫೋನು. ತಿರುವಿದರೆ ನವಲಗುಂದದಲ್ಲಿ ಆಪರೇಟರ್ ಪದ್ಮಾಬಾಯಿಯವರು ಎತ್ತುತ್ತಿದ್ದರು, ಅವರು ತಿರುವಿದರೆ ಇಲ್ಲಿ ಗಂಟೆ ಬಾರಿಸುತ್ತಿತ್ತು.

ಹಿಂದಿನ ವರ್ಷ, ಮುಂಗಾರಿಗೆ ಮುಂಚೆ ಬರುವ ಅಡ್ಡಮಳೆಯಲ್ಲಿ ಸಿಡಿಲು ತಂತಿಗುಂಟ ಇಳಿದು ಆ ಪೆಟ್ಟಿಗೆಯನ್ನು ಸುಟ್ಟುಹಾಕಿತ್ತು. ಹೊಸ ಪೆಟ್ಟಿಗೆ ಬರಲು ಇಲಾಖೆಗೆ ಹತ್ತು ತಿಂಗಳು ಬೇಕಾಯಿತು. ಯುಗಾದಿ ಆದ ಮೇಲೆ ಅದನ್ನು ಕಟ್ಟಿಕೊಂಡು ನಾನು ಹೋದರೆ, ಚನಬಸಪ್ಪನ ತಾಯಿ ನೀಲವ್ವ ಬಾಗಿಲ ಚೌಕಟ್ಟಿನ ಎರಡೂ ಬದಿ ಕೈಕೊಟ್ಟು ನಿಂತುಬಿಟ್ಟಳು.

"ಯಪ್ಪಾ, ಆ ಸುಡಗಾಡ ಪೆಟಗಿ ನನ್ನ ಮನ್ಯಾಗ ತರಬ್ಯಾಡ. ನನ್ನ ಮಗ ಅಲ್ಲೇ ಕುಂತಿದ್ದ ಅವತ್ತ. ಒಂದ ಗೇಣಿಲೆ ಉಳದಾನ. ಗ್ವಾಡಿ ಇನ್ನೂ ಕರ್ರಗ ಐತಿ ನೋಡು."

ಗೋಡೆ ಕಪ್ಪಾಗಿತ್ತು, ನಿಜ. ಚನಬಸಪ್ಪ ಅಂಚೆ ಚೀಲ ತರಲು ಬಸ್‌ಸ್ಟ್ಯಾಂಡಿಗೆ ಹೋಗಿದ್ದ. ಬಿಸಿಲು ನೆತ್ತಿಗೆ ಬಂದಿತ್ತು, ನನ್ನ ಹೊಟ್ಟೆ ಹಸಿದಿತ್ತು. ಏನೋ ಒಂದು ಹೇಳಿ ಮುದುಕಿಯನ್ನು ಸಮಾಧಾನ ಮಾಡಿದೆ. ಆಕೆ ಕೈ ಇಳಿಸಿದಳು. ಪೆಟ್ಟಿಗೆ ಹಚ್ಚಿ, ಪದ್ಮಾಬಾಯಿಯವರ ಜೊತೆ "ಹಲೋ ಹಲೋ" ಎಂದು ಮಾತಾಡಿ, ಮಜ್ಜಿಗೆ ಕುಡಿದು ವಾಪಸ್ಸು ಬಂದೆ. ಆಕೆಗೆ ಏನು ಹೇಳಿದ್ದೆ ಎಂಬುದು ವಾರ ಕಳೆಯುವುದರೊಳಗೆ ನನ್ನ ತಲೆಯಿಂದ ಹೋಗಿತ್ತು.

ನೀಲವ್ವನಿಗೆ ಎಡಗಣ್ಣು ಮೊದಲೇ ಹೋಗಿತ್ತು. ಮೋತಿಬಿಂದು, ಎಂದರೆ ಕಣ್ಣಿನ ಪೊರೆ, ಬೆಳೆದು, ತೋರಿಸದೆ ಬಿಟ್ಟು, ಒಳಗೇ ಒಡೆದು ಹೋದದ್ದು. ಈಗ ಬಲಗಣ್ಣಿಗೂ ಅದೇ ಬಂದಿತ್ತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಡಾಕ್ಟರು ಚನಬಸಪ್ಪನಿಗೆ ಖಡಕ್ಕಾಗಿ ಹೇಳಿ ಕಳಿಸಿದ್ದರು: ಇದು ಪೂರ್ತಿ ಹಣ್ಣಾಗಿದೆ, ಮಳೆಗಾಲದತನಕ ಬಿಟ್ಟರೆ ಇದೂ ಒಡೆಯುತ್ತದೆ, ಆಮೇಲೆ ನಾನು ಏನೂ ಮಾಡಲಾರೆ. ಆದರೆ ಹಾಸಿಗೆ ಇದ್ದದ್ದು ಕೆಲವೇ, ಕಾಯುವ ಮಂದಿ ಬಹಳ. ಮರುದಿನ ಯಾರ್‍ಯಾರ ಆಪರೇಷನ್ನು ಎಂಬ ಯಾದಿಯನ್ನು ಡಾಕ್ಟರು ಮಧ್ಯಾಹ್ನ ಎರಡರ ಮೇಲೆ ಬರೆಯುತ್ತಿದ್ದರು. ಹೆಸರು ಬಂದವರು ಮುಂಜಾನೆ ಏಳಕ್ಕೆ ಖಾಲಿ ಹೊಟ್ಟೆಯಲ್ಲಿ ಅಲ್ಲಿರಬೇಕು, ಇಲ್ಲದಿದ್ದರೆ ಆ ಹಾಸಿಗೆ ಮುಂದಿನವರಿಗೆ. ಕಾಗದ ಬರೆದರೆ ಮೂರು ದಿನ. ಅಲ್ಲಿಯ ಕಂಪೌಂಡರ್ ಚನಬಸಪ್ಪನಿಗೆ ದೂರದ ಬೀಗ. "ಹೆಸರು ಬಂದ ದಿನ ನಾನ ಫೋನ್ ಮಾಡ್ತೀನಿ, ನೀವು ಸಂಜಿ ಬಸ್ಸಿಗೆ ಬಂದುಬಿಡ್ರಿ" ಎಂದು ಆತ ಮಾತು ಕೊಟ್ಟಿದ್ದ. ಹೀಗೆ ಒಬ್ಬ ಮುದುಕಿಯ ಉಳಿದ ಒಂದು ಕಣ್ಣು ನನ್ನ ನೂರಾ ಎಪ್ಪತ್ತೊಂದು ಕಂಬಗಳ ಮೇಲೆ ನಿಂತಿತ್ತು.

ಮೊದಲನೆಯ ಕರೆ ಬಸವ ಜಯಂತಿಯ ಮರುವಾರ ಬಂತು. ಪದ್ಮಾಬಾಯಿಯವರು ತಿರುವಿ ತಿರುವಿ ಕೈ ಸೋತರು. ಹಳ್ಳದಾಚೆಯ ಲೈನು ಸತ್ತಂತಿತ್ತು. ಮರುದಿನ ಮುಂಜಾನೆ ನಾನು ಸೈಕಲ್ ತುಳಿದುಕೊಂಡು ಹೋಗುವಷ್ಟರಲ್ಲಿ ಹುಬ್ಬಳ್ಳಿಯ ಹಾಸಿಗೆ ಬೇರೆಯವರ ಪಾಲಾಗಿತ್ತು. ಪೆಟ್ಟಿಗೆ ತಿರುವಿದೆ.

"ಹಲೋ, ನವಲಗುಂದ," ಎಂದು ಪದ್ಮಾಬಾಯಿಯವರ ದನಿ ಬಾಜುವಿಗೇ ಕೂತು ಮಾತಾಡಿದಂತೆ ಬಂತು.

"ಬಾಯೀರೆ, ಲೈನ್ ಛಲೋ ಐತೆಲ್ರೀ!"

"ಈಗ ಛಲೋ ಅದಪಾ. ನಿನ್ನಿ ಮಧ್ಯಾಹ್ನ ಇರಲಿಲ್ಲ. ನಾ ಏನ್ ಸುಳ್ಳು ಹೇಳ್ಲಿಕ್ಕತ್ತೇನೇನು?"

ಅಲ್ಲಿಂದ ನನ್ನ ಗ್ರಹಚಾರ ಸುರುವಾಯಿತು. ಮಧ್ಯಾಹ್ನ ಎರಡಕ್ಕೆ ಸಾಯುವ ಲೈನು ಮರುದಿನ ಮುಂಜಾನೆ ಎಂಟಕ್ಕೆ ಎದ್ದು ಕೂರುತ್ತಿತ್ತು. ಅದೂ ದಿನಾಲೂ ಅಲ್ಲ. ಎರಡು ದಿನ ಇಡೀ ದಿನ ಸರಿ ಇರುತ್ತಿತ್ತು, ಮೂರನೆಯ ದಿನ ಮತ್ತೆ ಇಲ್ಲ. ಚನಬಸಪ್ಪ ಮುಂಜಾನೆ ಆಫೀಸು ತೆರೆದು ಹುಬ್ಬಳ್ಳಿಗೆ ಟ್ರಂಕ್ ಕಾಲ್ ಹಚ್ಚಿದರೆ ಲೈನು ಇರುತ್ತಿತ್ತು, ಕಂಪೌಂಡರ್ ಇರುತ್ತಿರಲಿಲ್ಲ. ಅವನ ಪಾಳಿ ಮಧ್ಯಾಹ್ನದ್ದು. ಮಧ್ಯಾಹ್ನ ಕಂಪೌಂಡರ್ ಇರುತ್ತಿದ್ದ, ಲೈನು ಇರುತ್ತಿರಲಿಲ್ಲ. ಹನ್ನೆರಡಕ್ಕೆ ಆಫೀಸು ಮುಚ್ಚಿ ಚನಬಸಪ್ಪ ಹೊಲಕ್ಕೆ ಹೋದರೆ ಬರುತ್ತಿದ್ದದ್ದು ದೀಪ ಹಚ್ಚುವ ಹೊತ್ತಿಗೆ, ಬಂದ ಮೇಲೆ ಮುಚ್ಚಿದ ಆಫೀಸು ಕೋಣೆಗೆ ಮತ್ತೆ ಕಾಲಿಡುತ್ತಿರಲಿಲ್ಲ. ಗಂಟೆ ಬಾರಿಸಿದರೆ ಹಿತ್ತಿಲಿನಿಂದ ಯಾರನ್ನಾದರೂ ಕೂಗು ಎಂದು ತಾಯಿಗೆ ಹೇಳಿಟ್ಟಿದ್ದ. ಗಂಟೆಯೇ ಬಾರಿಸುತ್ತಿರಲಿಲ್ಲ.

ನಾನು ಬಿಸಿಲಿನ ಮೇಲೆ ಸಂಶಯಪಟ್ಟೆ. ಕಾವಿಗೆ ತಂತಿ ಜೋತು ಒಂದಕ್ಕೊಂದು ತಾಗುತ್ತಿರಬೇಕು ಎಂದು ಊರಿಂದ ಹಳ್ಳದತನಕ ಬಿಗಿ ಮಾಡಿದೆ. ಗಾಳಿಯ ಮೇಲೆ ಸಂಶಯಪಟ್ಟು ಜಾಲಿಯ ಟೊಂಗೆಗಳನ್ನು ಕಡಿದೆ, ಮುಳ್ಳು ತರಚಿ ಕೈಯೆಲ್ಲ ರಕ್ತ. ಕಾಗೆಗಳು ತುಂಡು ತಂತಿ ತಂದು ಕಂಬದ ಮೇಲೆ ಗೂಡು ಕಟ್ಟಿದ್ದವು, ಅವನ್ನು ಕಿತ್ತರೆ ಕಾಗೆಗಳು ಮೂರು ಕಂಬದತನಕ ಬೆನ್ನು ಹತ್ತಿ ನನ್ನ ತಲೆ ಕುಕ್ಕಿದವು. ಕಂಬದ ಮೇಲೆ ತಂತಿ ಕಟ್ಟುವ ಪಿಂಗಾಣಿ ಬಟ್ಟಲುಗಳಲ್ಲಿ ಒಡೆದವನ್ನು ಬದಲಿಸಿದೆ. ಕೊನೆಯ ಕಂಬ ಏರಿ ಪರೀಕ್ಷಿಸಿದರೆ, ಬೆಳಗಿನ ಹನ್ನೊಂದಕ್ಕೆ, ಪದ್ಮಾಬಾಯಿಯವರ ದನಿ ಮತ್ತೆ ಅಷ್ಟೇ ಸ್ವಚ್ಛ. ಅವರ ಆ "ಹಲೋ" ಕೇಳಿದರೆ ನನಗೆ ಅಳು ಬರುವಂತಾಗುತ್ತಿತ್ತು.

ಮಧ್ಯಾಹ್ನ ಅಲ್ಲೇ ನಿಂತು ನೋಡಬಾರದಿತ್ತೇ ಎಂದು ನೀವು ಕೇಳಬಹುದು. ನಮ್ಮ ಎರೆ ಭೂಮಿಯಲ್ಲಿ ಸೈಕಲ್ ತುಳಿದವರು ಕೇಳುವುದಿಲ್ಲ. ಅಡ್ಡಮಳೆಯ ದಿನಗಳಲ್ಲಿ ಮೋಡ ಏರುವುದೇ ಮಧ್ಯಾಹ್ನದ ಮೇಲೆ. ಒಂದು ಹದ ಮಳೆ ಬಿತ್ತೆಂದರೆ ಆ ಕಪ್ಪು ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಸೈಕಲ್ಲು ಅಲ್ಲೇ ಕೂರುತ್ತದೆ. ಆಮೇಲೆ ಅದನ್ನು ಹೆಗಲ ಮೇಲೆ ಹೊತ್ತು ನಡೆಯಬೇಕು, ಚಪ್ಪಲಿಗೆ ನಾಲ್ಕು ಸೇರು ಮಣ್ಣು ಅಂಟಿಸಿಕೊಂಡು. ಒಮ್ಮೆ ಹೊತ್ತಿದ್ದೆ. ಆಮೇಲೆ ಹನ್ನೆರಡು ಹೊಡೆಯುವುದರೊಳಗೆ ಆ ಊರು ಬಿಡುವುದು ನನ್ನ ನೇಮವಾಗಿತ್ತು.

ನಮ್ಮ ಲೈನ್ ಇನ್ಸ್‌ಪೆಕ್ಟರ್ ಕುಲಕರ್ಣಿ ಸಾಹೇಬರು ರಜಿಸ್ಟರ್ ತಿರುವಿ ಹಾಕಿ ಕನ್ನಡಕದ ಮೇಲಿನಿಂದ ನೋಡಿದರು.

"ಮುಂಜಾನೆ ಬದುಕಿ ಮಧ್ಯಾಹ್ನ ಸಾಯೋ ಲೈನು ನನ್ನ ಸರ್ವಿಸಿನಾಗ ನಾ ನೋಡಿಲ್ಲ. ನೀ ಹೋಗಿ ಗಿಡದ ಬುಡಕ ಮಲಗಿ ಬರ್ತಿ, ಹೌದಲ್ಲೋ?"

"ಇಲ್ರಿ ಸಾಹೇಬ್ರ. ಕೈ ನೋಡ್ರಿ ಬೇಕಾದ್ರ."

"ಕೈ ಏನ್ ನೋಡೂದು? ಇನ್ನೊಂದು ತಕರಾರು ಬಂದ್ರ ನಿನ್ನ ಕಾಯಂ ಮಾಡೂ ಕಾಗದ ನಾ ಮ್ಯಾಲೆ ಕಳಸೂದಿಲ್ಲ."

ಎರಡನೆಯ ಕರೆಯೂ ತಲುಪಲಿಲ್ಲ. ಆ ದಿನ ಪದ್ಮಾಬಾಯಿಯವರು ಸುಮ್ಮನಿರದೆ ಚೀಟಿ ಬರೆದು ಮೂರೂವರೆಯ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಟ್ಟರು. ಹಳ್ಳದ ಇಳಿಜಾರಿನಲ್ಲಿ ಬಸ್ಸು ಹುಗಿದು ಅಲ್ಲಿಂದಲೇ ತಿರುಗಿ ಬಂತು, ಚೀಟಿಯೂ ತಿರುಗಿ ಬಂತು. ಮರುದಿನ ನಾನು ಹೋದಾಗ ಚನಬಸಪ್ಪ ಪೆಟ್ಟಿಗೆಯ ಮುಂದೆ ಕೂತಿದ್ದ. ಬೈಯಲಿಲ್ಲ. "ನಿಮ್ಮ ಕಾಲಿಗೆ ಬೀಳ್ತೀನ್ರಿ, ಇದೊಂದು ಬರೋಬರಿ ಮಾಡಿಕೊಡ್ರಿ. ಅವ್ವಗ ಈಗ ಗಂಗಾಳದಾಗಿನ ರೊಟ್ಟಿ ಸೈತ ಕಾಣವಲ್ದು," ಎಂದ. ಬೈದಿದ್ದರೆ ಚೆನ್ನಾಗಿತ್ತು.

ಒಳಗೆ ನೀಲವ್ವ ಹಣೆಗೆ ವಿಭೂತಿ ಹಚ್ಚಿಕೊಂಡು, ಕೊರಳಲ್ಲಿನ ಲಿಂಗವನ್ನು ಅಂಗೈಯಲ್ಲಿ ಹಿಡಿದು ಪೂಜೆಗೆ ಕೂತಿದ್ದಳು. ನನ್ನ ಸಪ್ಪಳ ಕೇಳಿ "ತಮ್ಮಾ ಬಂದಿ?" ಎಂದಳು. ಆ ದನಿಯಲ್ಲಿ ನನ್ನ ಮೇಲೆ ಒಂದಿಷ್ಟೂ ಅಪನಂಬಿಕೆ ಇರಲಿಲ್ಲ.

ಮೇ ತಿಂಗಳ ಕೊನೆಗೆ ನನಗೆ ರೋಸಿಹೋಯಿತು. ಮಳೆ ಬಂದರೆ ಬರಲಿ, ಸೈಕಲ್ ಹೊತ್ತರೆ ಹೊತ್ತೆ, ಇವತ್ತು ಈ ಲೈನು ಹೇಗೆ ಸಾಯುತ್ತದೆ ನೋಡಿಯೇ ಬರುತ್ತೇನೆ ಎಂದು ಹಟ ಹಿಡಿದು ಹೋದೆ. ಕೊನೆಯ ಕಂಬದಿಂದ ಒಂದೂವರೆಗೆ ಪದ್ಮಾಬಾಯಿಯವರ ಜೊತೆ ಮಾತಾಡಿದೆ. ಚನಬಸಪ್ಪ ಹೊಲದಲ್ಲಿದ್ದ. ನೀಲವ್ವ ತಡಕಾಡುತ್ತಲೇ ರೊಟ್ಟಿ, ಝುಣಕ, ಮೊಸರು ತಂದಿಟ್ಟಳು. ಪೆಟ್ಟಿಗೆಯ ಎದುರಿಗೇ ಕೂತು ಊಟಕ್ಕೆ ಕೈಹಾಕಿದೆ. ಹೊರಗೆ ಬಿಸಿಲು ಸುರಿಯುತ್ತಿತ್ತು, ಬಾಗಿಲಲ್ಲಿ ಕಾಣುವ ಆಕಾಶದಲ್ಲಿ ಒಂದು ಮೋಡವಿಲ್ಲ.

ನೀಲವ್ವ ಇದ್ದಕ್ಕಿದ್ದಂತೆ ತಲೆ ಎತ್ತಿ ಕಿವಿಗೊಟ್ಟಳು. "ಗದಗಿನ ಕಡೆ ಗುಡುಗಿತು," ಎಂದಳು. ನನಗೆ ಏನೂ ಕೇಳಿರಲಿಲ್ಲ. ಕಣ್ಣು ಹೋದವರ ಕಿವಿ ಅದು. ಎದ್ದು, ಗೋಡೆ ಹಿಡಿದು ಪೆಟ್ಟಿಗೆಯತನಕ ಬಂದಳು. ಮುಚ್ಚಳ ತೆರೆದು, ಬೆರಳಿನಿಂದ ಸವರಿ ಮೇಲಿನ ತಿರುಪು ಹುಡುಕಿದಳು. ಮೂರು ಸುತ್ತು ತಿರುವಿ, ತಂತಿಯ ತುದಿಯನ್ನು ಹೊರಗೆ ಜಗ್ಗಿ, ಗೋಡೆಯ ಗೂಟಕ್ಕೆ ಸಿಕ್ಕಿಸಿದಳು. ನಿತ್ಯ ಮಾಡುವ ಕೆಲಸದಂತೆ, ಒಂದಿಷ್ಟೂ ತಡವರಿಸದೆ.

ಕೈಯಲ್ಲಿನ ರೊಟ್ಟಿ ಬಿಟ್ಟು ಎದ್ದು ನಿಂತೆ.

"ಯವ್ವಾ! ಏನ್ ಮಾಡಾಕತ್ತೀರಿ?"

"ಯಾಕೋ ತಮ್ಮಾ? ನೀನ ಹೇಳಿದ್ದೆಲ್ಲ. ಗುಡುಗು ಕೇಳಿಸಿದ ಕೂಡಲೆ ಸಿಡಿಲಿನ ತಂತಿ ತಗೀ ಅಂತ. ನೀ ಹೇಳಿದಾಗಿಂದ ಒಂದ ಸಲಾನೂ ತಪ್ಪಿಸಿಲ್ಲ. ಮುಂಜಾನೆ ಜಳಕಾ ಪೂಜಿ ಮುಗಿಸಿ ತಿರುಗಿ ಹಚ್ಚತೀನಿ."

ಆಗ ಎಲ್ಲ ನೆನಪಿಗೆ ಬಂತು. ಯುಗಾದಿಯ ನಂತರದ ಆ ಮಧ್ಯಾಹ್ನ, ಹಸಿದ ಹೊಟ್ಟೆಯಲ್ಲಿ, ಬಾಗಿಲು ಬಿಡದ ಮುದುಕಿಗೆ ನಾನು ಹೇಳಿದ್ದು. ಹೊರಗಿನಿಂದ ಎರಡು ತಂತಿ ಬರ್ತಾವ ಯವ್ವಾ, ಸಿಡಿಲು ಬರೂದು ಈ ಮ್ಯಾಲಿಂದರಾಗ, ಇದನ್ನ ತಗದಿಟ್ರ ಸಿಡಿಲು ಹೊರಗ ಉಳೀತೈತಿ. ಆಕೆಯ ಬೆರಳು ಹಿಡಿದು ತಿರುಪಿನ ಮೇಲೆ ಇಟ್ಟವನೂ ನಾನೇ. ಸರಕಾರಿ ಪೆಟ್ಟಿಗೆಗೆ ಮಂದಿ ಕೈ ಹಚ್ಚಬಾರದೆಂದು ಕಾಯ್ದೆ ಇದೆ, ಗೊತ್ತಾದರೆ ನನ್ನ ನೌಕರಿ ಹೋಗುತ್ತದೆ, ಯಾರಿಗೂ ಹೇಳಬೇಡಿ, ನಿಮ್ಮ ಮಗನಿಗೂ, ಎಂದು ಕೇಳಿಕೊಂಡವನೂ ನಾನೇ. ಆಕೆ ಕೊರಳಲ್ಲಿನ ಲಿಂಗ ಮುಟ್ಟಿ ಆಣೆ ಮಾಡಿದ್ದಳು.

"ಯವ್ವಾ, ಆ ತಂತಿ ತಗದ್ರ ಫೋನ್ ಬರೂದಿಲ್ರಿ," ಎಂದೆ.

ಆಕೆ ಬಹಳ ಸಾವಕಾಶ ಕೇಳಿದಳು: "ಮಾತು ಬರೂ ತಂತಿ ಇನ್ನೊಂದು ಐತೆಲ್ಲೋ ತಮ್ಮಾ?"

ಮಾತಿಗೆ ಎರಡೂ ತಂತಿ ಬೇಕು ಎಂದು ನಾನು ಹೇಳಿರಲಿಲ್ಲ. ಹೇಳಬೇಕೆಂದು ಹೊಳೆದಿರಲೂ ಇಲ್ಲ. ಮುದುಕಿಗೆ ಅದೆಲ್ಲ ಯಾಕೆ ಎಂದುಕೊಂಡಿದ್ದೆ. ನೂರಾ ಎಪ್ಪತ್ತೊಂದು ಕಂಬ ಏರಿ ಇಳಿದು ಹುಡುಕಿದ ದೋಷವನ್ನು ನಾನೇ ಪೆಟ್ಟಿಗೆಯ ಜೊತೆ ತಂದು ಹಚ್ಚಿ ಹೋಗಿದ್ದೆ. ನನಗೆ ನನ್ನ ಮೇಲೆ ಹೇಸಿಗೆಯಾಯಿತು.

ತಂತಿ ಹಚ್ಚಿ ಬಿಗಿ ಮಾಡಿದೆ. ಗುಡುಗಲಿ, ಸಿಡಿಲು ಬಡಿಯಲಿ, ಇನ್ನು ಇದನ್ನು ಮುಟ್ಟಬೇಡಿ ಎಂದೆ. ಅದಾದ ನಾಲ್ಕನೆಯ ಮಧ್ಯಾಹ್ನ ಗಂಟೆ ಬಾರಿಸಿತು. ನೀಲವ್ವ ಹಿತ್ತಿಲಿಗೆ ಹೋಗಿ ಕೂಗಿದಳು, ಮಂದಿ ಹೊಲಕ್ಕೆ ಓಡಿದರು, ತಾಯಿ ಮಗ ಸಂಜೆಯ ಬಸ್ಸು ಹಿಡಿದರು. ಮರುದಿನ ಡಾಕ್ಟರು ಕಣ್ಣಿಗೆ ದೀಪ ಹಿಡಿದು ನೋಡಿದವರೇ ಸಿಟ್ಟಾದರಂತೆ. ಒಳಗೆ ಆಗಲೇ ಒಡೆದಿತ್ತು. ಮೊದಲನೆಯ ಸಲ ಕರೆದಾಗ ಎಲ್ಲಿ ಹೋಗಿದ್ದಿರಿ ಎಂದರಂತೆ. ಆಪರೇಷನ್ ಮಾಡಿದರು. ಪಟ್ಟಿ ಬಿಚ್ಚಿದ ಮೇಲೆ ನೀಲವ್ವನಿಗೆ ಬಾಗಿಲು ಎಲ್ಲಿದೆ, ಗೋಡೆ ಎಲ್ಲಿದೆ ಎನ್ನುವಷ್ಟು ಬೆಳಕು ಕಾಣುತ್ತಿತ್ತು. ಮಗನ ಮುಖ ಕಾಣಲಿಲ್ಲ.

ಚನಬಸಪ್ಪ ಇಲಾಖೆಗೆ ತಕರಾರು ಅರ್ಜಿ ಬರೆದಿದ್ದ. ಕಾರಹುಣ್ಣಿಮೆ ಆದ ಮೇಲೆ ಕುಲಕರ್ಣಿ ಸಾಹೇಬರು ಚೌಕಶಿಗೆ ಬಂದರು, ಜೊತೆಗೆ ನಾನು. ಅವರು ಹಳೆಯ ಹುಲಿ. ಪೆಟ್ಟಿಗೆ ತೆರೆದು ನೋಡಿದ ಕೂಡಲೇ ಮೇಲಿನ ತಿರುಪಿನ ಮೇಲೆ ಬೆರಳಿಟ್ಟರು. ಉಳಿದ ತಿರುಪುಗಳು ಕಪ್ಪಿಟ್ಟಿದ್ದವು, ಅದೊಂದೇ ಬಂಗಾರದ ಹಾಗೆ ಹೊಳೆಯುತ್ತಿತ್ತು.

"ಇದನ್ನ ದಿನಾ ಯಾರೋ ತಿರುವ್ಯಾರ. ಯಾರು?"

ಮೂಲೆಯಲ್ಲಿ ಕೂತಿದ್ದ ನೀಲವ್ವ, "ನಾನ್ರೀ," ಎಂದಳು.

"ನಿಮಗ ಯಾರ್ ಹೇಳಿದ್ರು ಹಂಗ ಮಾಡ್ಲಿಕ್ಕೆ?"

ನೀಲವ್ವನ ಕೈ ಎದೆಯ ಮೇಲೆ ಲಿಂಗದ ಹತ್ತಿರ ಹೋಯಿತು.

"ಯಾರೂ ಹೇಳಿಲ್ರಿ. ಸಿಡಿಲಿಗೆ ಅಂಜಿ ನಾನ ಮಾಡೀನಿ. ಹುಚ್ಚ ಮುದುಕಿ ನಾನು."

ಚನಬಸಪ್ಪ ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ತಿಂಗಳುಗಟ್ಟಲೆ ನುಂಗಿದ್ದೆಲ್ಲ ಒಮ್ಮೆಲೇ ಹೊರಗೆ ಬಂತು. ನಿನ್ನ ಕಣ್ಣ ನೀನ ಕಿತ್ತುಕೊಂಡಿ ಎಂದ, ಊರ ಮಂದಿಯೆಲ್ಲ ಬಾಗಿಲಲ್ಲಿ ನಿಂತು ಕೇಳಿದರು. ನಾನೂ ಕೇಳುತ್ತ ನಿಂತೆ. ಬಾಯಿ ತೆರೆದಿದ್ದರೆ ಮುಗಿಯುತ್ತಿತ್ತು, ತೆರೆಯಲಿಲ್ಲ. ಹೊರಡುವಾಗ ಕಟ್ಟೆಯ ಮೇಲೆ ಆಕೆಯೊಬ್ಬಳೇ ಇದ್ದಳು. ನನ್ನ ಸೈಕಲ್ಲಿನ ಸಪ್ಪಳಕ್ಕೆ ಮುಖ ತಿರುಗಿಸಿ ಮೆಲ್ಲಗೆ ಕೇಳಿದಳು: "ತಮ್ಮಾ, ನಿನ್ನ ನೌಕರಿಗೆ ಏನೂ ಆಗಲಿಲ್ಲಲ್ಲಾ?"

"ಇಲ್ರಿ ಯವ್ವಾ."

"ಹಂಗಾರ ಆತು ಬಿಡು."

ರಜಿಸ್ಟರಿನಲ್ಲಿ ನಾನು ಬರೆದೆ: ತಂತಿ ಸಡಿಲವಾಗಿತ್ತು, ಬಿಗಿ ಮಾಡಲಾಯಿತು. ಕೆಳಗೆ ಸಹಿ ಹಾಕಿದೆ. ಆ ವರ್ಷದ ದಸರೆಗೆ ನೌಕರಿ ಕಾಯಂ ಆಯಿತು. ಹೋದ ವಾರ ಬ್ಯಾಂಕಿನಲ್ಲಿ ಹೆಬ್ಬೆರಳು ಒತ್ತಲು ಕೂತದ್ದು ಅದೇ ನೌಕರಿಯ ಪಿಂಚಣಿಗೆ.

ಟೋಕನ್ ಚೀಟಿ ನನ್ನ ಕೈಯಲ್ಲಿ ಮಡಚಿ ಮಡಚಿ ಕಡಲೆಬೇಳೆಯಷ್ಟಾಗಿತ್ತು. ಚನಬಸಪ್ಪ ಇನ್ನೂ ತಾಯಿಯ ಮಾತೇ ಆಡುತ್ತಿದ್ದರು. "ಎಷ್ಟ್ ಹೇಳಿದ್ರೂ ಒಂದ ಮಾತು ಆಡ್ಲಿಲ್ಲ ನೋಡ್ರಿ ಆಕಿ. ಯಾಕ ತಗದಿ ಅಂದ್ರ ಬರೇ ಸುಮ್ಮನ ಕುಂಡರತಿದ್ಲು."

"ಚನಬಸಪ್ಪನವರ," ಎಂದೆ, "ಆ ತಂತಿ ತಗೀರಿ ಅಂತ ಹೇಳಿದವ ನಾನ್ರೀ."

ಅವರು ನನ್ನ ಕಡೆ ತಿರುಗಿದರು. ನಾನು ಪೆಟ್ಟಿಗೆ ತಂದ ಆ ಮಧ್ಯಾಹ್ನದಿಂದ ಹಿಡಿದು ಎಲ್ಲ ಹೇಳಿದೆ. ಬೆರಳು ಹಿಡಿದು ತಿರುಪು ತೋರಿಸಿದ್ದು, ಯಾರಿಗೂ ಹೇಳಬೇಡಿ ಎಂದದ್ದು, ಆಕೆ ಲಿಂಗ ಮುಟ್ಟಿ ಆಣೆ ಮಾಡಿದ್ದು, ಮಗ ಒಂದು ಗೇಣಿನಲ್ಲಿ ಉಳಿದದ್ದನ್ನು ನೆನೆದು ಆಕೆ ಗುಡುಗಿದಾಗಲೆಲ್ಲ ಆ ತಂತಿ ತೆಗೆದದ್ದು. ಹೊಡೆದರೆ ಹೊಡೆಯಲಿ ಎಂದು ಕಾದೆ.

ಅಷ್ಟರಲ್ಲಿ ಕೌಂಟರಿನಿಂದ "ನೆಟ್‌ವರ್ಕ್ ಬಂತು, ಬರ್ರಿ ಬರ್ರಿ" ಎಂದು ಕೂಗಿದರು. ಬೆಂಚಿನ ಮೇಲಿದ್ದವರೆಲ್ಲ ಎದ್ದು ಓಡಿದರು. ನಾವಿಬ್ಬರೇ ಉಳಿದೆವು. ಚನಬಸಪ್ಪ ನನ್ನನ್ನು ಬೈಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ತಮ್ಮ ಎರಡೂ ಅಂಗೈ ತೆರೆದು ಅವನ್ನೇ ನೋಡುತ್ತ ಕೂತಿದ್ದರು.

"ಆಕಿ ಸಾಯೂತನಕ ಬೈದೆನಲ್ರೀ ನಾನು," ಎಂದರು.